ಸತ್ತವನು ಮುಗಿಸಿದ ಕೆಲಸ

"ಇದು ಅವರು ಮಾಡಿದ್ದಲ್ಲ ಮೇಡಂ."

ಮುನವ್ವರಾ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟಳು. ದನಿ ಗಟ್ಟಿಯಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಲತಾಮಣಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

ಚನ್ನಪಟ್ಟಣದ ಆ ಬೊಂಬೆ ಕಾರ್ಖಾನೆಯಲ್ಲಿ ಸರ್ವರ್ ರೂಮ್ ಎಂದು ಕರೆಯುತ್ತಿದ್ದುದು ಮೆಟ್ಟಿಲ ಕೆಳಗಿನ ಒಂದು ಗೂಡನ್ನು. ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಒತ್ತಿಕೊಂಡು ಯುಪಿಎಸ್‌ನ ಕಬ್ಬಿಣದ ಪೆಟ್ಟಿಗೆ. ಹೋದ ತಿಂಗಳು ಆ ಪೆಟ್ಟಿಗೆಯ ಪಕ್ಕದಲ್ಲೇ ಮುನವ್ವರಾಳ ಗಂಡ ಸಾಬೀರ್ ಹೆಣವಾಗಿ ಸಿಕ್ಕಿದ್ದ. ಸರ್ವರ್ ಕೂರಿಸುತ್ತಿರುವಾಗ ಕರೆಂಟ್ ಹೊಡೆದು ಸತ್ತ ಎಂದು ಊರೆಲ್ಲ ನಂಬಿತ್ತು. ನಂಬದೆ ಉಳಿದವಳು ಮುನವ್ವರಾ ಒಬ್ಬಳೇ. ದಿನಾ ಬಂದು ಠಾಣೆಯ ಬಾಗಿಲಲ್ಲಿ ನಿಂತು ಆ ಫೈಲು ಲತಾಮಣಿಯ ಕೈಗೆ ಬರುವ ಹಾಗೆ ಮಾಡಿದವಳೂ ಅವಳೇ.

"ಯಾವುದು ಅವರು ಮಾಡಿದ್ದಲ್ಲ?"

"ಊರ ಹೆಸರು ನೋಡಿ. ಚೆನ್ನಪಟ್ಟಣ ಅಂತೈತೆ. ಚಕಾರಕ್ಕೆ ಎತ್ವ. ಅವರು ಸತ್ರೂ ಹಂಗ್ ಬರೀತಿರ್ಲಿಲ್ಲ..."

ಆಡಿದ ಮಾತು ತನ್ನ ಕಿವಿಗೇ ಬಿದ್ದು ಮುನವ್ವರಾ ತುಟಿ ಕಚ್ಚಿಕೊಂಡಳು.

"ಯಾರು ಹಂಗ್ ಬರೀತಾರೆ?"

"ಅನಂತು. ಅದಕ್ಕೇ ಇಬ್ಬರಿಗೂ ಯಾವಾಗ್ಲೂ ಕಿತ್ತಾಟ. ನಿಮ್ಮೂರು ಕೂಟಗಲ್ಲಿಗೆ ಬೇಕಾದ್ರೆ ಇನ್ನೊಂದು ಕೊಂಬು ಹಾಕ್ಕೋ, ನಮ್ಮೂರಿಗೆ ಎತ್ವ ಕೊಡ್ಬೇಡ ಅಂತ ಇವರು ತಮಾಷೆ ಮಾಡೋರು."

ಲತಾಮಣಿ ನಗಲಿಲ್ಲ. ಅನಂತರಾಜು ಸಾಬೀರನ ಪಾಲುದಾರ. ಇಬ್ಬರೂ ಸೇರಿ ರಾಮನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಲತಾಮಣಿಯ ಸ್ವಂತ ಊರು ಕೂಟಗಲ್; ಅನಂತರಾಜು ಅವಳ ಬೀದಿಯಲ್ಲೇ ಆಡಿ ಬೆಳೆದ ಹುಡುಗ. ಸಾಬೀರ್ ಹೋದ ದಿನ ತಾನು ಚನ್ನಪಟ್ಟಣದ ಕಡೆ ತಲೆಯೇ ಹಾಕಿಲ್ಲ ಎಂದು ಅವನು ಅವಳೆದುರು ಕೂತು ಹೇಳಿದ್ದ. ಕಣ್ಣಲ್ಲಿ ನೀರು ಬೇರೆ ತಂದುಕೊಂಡಿದ್ದ.

ಸಾಬೀರ್ ಮಾಡುತ್ತಿದ್ದ ಕೆಲಸವನ್ನು ಆ ಸೀಮೆಯಲ್ಲಿ ಹೆಚ್ಚು ಜನ ಮಾಡುತ್ತಿರಲಿಲ್ಲ. ರೇಷ್ಮೆ ನೂಲು ತೆಗೆಯುವವರು, ಬೊಂಬೆ ಮಾಡುವವರು, ಮಾಗಡಿಯ ತೆಂಗಿನಕಾಯಿ ಮಂಡಿಯವರು, ಯಾರು ಕರೆದರೂ ಹೋಗುತ್ತಿದ್ದ. ಇದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ವ್ಯಾಪಾರವನ್ನೆಲ್ಲ ನೋಡಿಕೊಳ್ಳುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಕೂರಿಸಿಕೊಡುತ್ತಿದ್ದ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ, ಒಳಗೇನಿದೆ ಎಂದು ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರ್. ಮಾವನ ಈ ಬೊಂಬೆ ಕಾರ್ಖಾನೆಗೂ ಅದನ್ನೇ ಹಾಕಲು ಬಂದಿದ್ದ.

ಲತಾಮಣಿ ಪರದೆಯನ್ನೇ ನೋಡುತ್ತ ಕೂತಳು. ಈ ಪುಟ ತೆರೆದುಕೊಳ್ಳುವುದು ಎಲ್ಲಕ್ಕಿಂತ ಕೊನೆಯಲ್ಲಿ. ಮೊದಲು ಲಿನಕ್ಸ್ ಕೂರಬೇಕು, ಆಮೇಲೆ ಡೇಟಾಬೇಸ್, ಅದಾದ ಮೇಲೆ ಸಾಫ್ಟ್‌ವೇರ್ ಇಂಟರ್‌ನೆಟ್ಟಿನಿಂದ ಇಳಿದು ಬರಬೇಕು. ಅಷ್ಟೂ ಮುಗಿದ ಮೇಲೆ ನಿಮ್ಮ ಕಂಪನಿಯ ಹೆಸರೇನು, ಊರು ಯಾವುದು ಎಂದು ಅದು ಕೇಳುತ್ತದೆ.

ಕೆಲಸ ಅರ್ಧದಲ್ಲಿರುವಾಗಲೇ ಸಾಬೀರ್ ಸತ್ತ ಎಂದು ಎಲ್ಲರೂ ಹೇಳಿದ್ದರು. ಹಾಗಾದರೆ ಇನ್ನರ್ಧ ಮುಗಿಸಿದವರು ಯಾರು? ಹೆಣ ನೋಡಲು ಬಂದ ಜನ ಹೆಣವನ್ನು ನೋಡಿದರು. ಮೇಜಿನ ಮೇಲಿದ್ದ ಪರದೆಯನ್ನು ಯಾರೂ ನೋಡಲಿಲ್ಲ.

ಯಾರೋ ಬಿದ್ದಿದ್ದವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಯಂತ್ರ ಕೇಳಿದ್ದಕ್ಕೆಲ್ಲ ಉತ್ತರ ಒತ್ತಿ, ಕೆಲಸ ಪೂರೈಸಿ ಎದ್ದು ಹೋಗಿದ್ದರು.

"ಮುನವ್ವರಾ, ಈ ಸರ್ವರಿನ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿತ್ತು?"

"ಅವರೊಬ್ಬರಿಗೇ. ಕೆಲಸ ಮುಗಿದ ಮೇಲೆ ಮಾಲೀಕರ ಕೈಗೆ ಕೊಡೋರು, ಅಲ್ಲೀವರ್ಗೂ ನಂಗೂ ಹೇಳ್ತಿರ್ಲಿಲ್ಲ. ಅನಂತೂಗೂ ಅಷ್ಟೇ. ಅದಕ್ಕೆ ಅವನಿಗೆ ಹೊಟ್ಟೆಯುರಿ."

ಲತಾಮಣಿ ಲೆಕ್ಕ ಹಾಕಿದಳು. ನಡುವೆ ಒಸಿ ಹೊತ್ತು ಕೈ ಬಿಟ್ಟರೆ ಸಾಕು, ಮುಂದಿನ ಆಜ್ಞೆಗೆ ಲಿನಕ್ಸ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಕೊಡದಿದ್ದರೆ ಹೆಜ್ಜೆ ಮುಂದಿಡುವುದಿಲ್ಲ.

ಅದನ್ನು ಹೇಳಬಲ್ಲವನು ನೆಲದ ಮೇಲಿದ್ದ.

"ಟೀ ತಗೊಳಿ ಮೇಡಂ." ಸನಾವುಲ್ಲಾ ಸಾಹೇಬರು ತಾವೇ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುನವ್ವರಾಳ ಅಪ್ಪ, ಕಾರ್ಖಾನೆಯ ಮಾಲೀಕರು. ಬಿಳಿ ಗಡ್ಡ, ಮೆಲು ಮಾತು. "ನಮ್ಮ ಹುಡುಗಿಗೆ ಒಸಿ ಬುದ್ಧಿ ಹೇಳಿ. ಹೋದವನು ಹೋದ. ಹಿಂಗೆ ಅಗೀತಾ ಕೂತ್ರೆ ಅವನಿಗೆ ನೆಮ್ಮದಿನಾ, ಇವಳಿಗೆ ನೆಮ್ಮದಿನಾ?"

"ಅಬ್ಬಾ, ನೀವು ಸುಮ್ನಿರಿ," ಎಂದಳು ಮುನವ್ವರಾ.

ಹೊರಡುವಾಗ ಲತಾಮಣಿ ಕೆಲಸದ ಶೆಡ್ಡಿನ ಒಳಗಿಂದ ನಡೆದಳು. ಬೊಂಬೆ ಕಡೆಯುವ ಲೇತ್‌ಗಳು ಸಾಲಾಗಿ ಮಲಗಿದ್ದವು. ಒಂದರ ಮೇಲೆ ಕೈಯಾಡಿಸಿದರೆ ಅಂಗೈ ತುಂಬ ಧೂಳು. ಅರಗು ಕಾಯುವ ವಾಸನೆ ಇರಲಿಲ್ಲ, ಕಡೆದ ಹಾಲೆಮರದ ಪುಡಿಯೂ ಇರಲಿಲ್ಲ. ಆದರೆ ಗೋಡೆಗುಂಟ ಸೂರಿನವರೆಗೆ ಬೊಂಬೆಯ ಡಬ್ಬಗಳು ತುಂಬಿದ್ದವು.

"ಕೆಲಸದೋರು ಎಲ್ಲಿ ಸಾಹೇಬ್ರೆ?"

"ಯಾರ್ ತಗೋತಾರೆ ಮೇಡಂ ಬೊಂಬೆ? ಮಕ್ಕಳಿಗೆ ಮೊಬೈಲ್ ಆದ್ರೆ ಸಾಕು. ಬ್ಯಾಡ ಅಂತ ಮನೇಗೆ ಕಳಿಸ್ದೆ."

ಬಿಚ್ಚಿದ ಡಬ್ಬವೊಂದರಿಂದ ಅವಳು ಒಂದು ಕುದುರೆ ಎತ್ತಿಕೊಂಡಳು. ಉಗುರಿನಿಂದ ಕೆರೆದಳು. ಅರಗಿನ ಬಣ್ಣ ಮರದೊಳಗೆ ಇಳಿದಿರುತ್ತದೆ, ಹಾಗೆ ಏಳುವುದಿಲ್ಲ. ಇದು ಸಿಪ್ಪೆಯ ಹಾಗೆ ಎದ್ದು ಬಂತು. ಡಬ್ಬದ ಮೇಲೆ ಮಾತ್ರ 'ಚನ್ನಪಟ್ಟಣದ ಕೈಕೆಲಸ' ಎಂದಿತ್ತು. ಕೆಳಗೆ ಮಾಡಿದವರ ಹೆಸರು, ಕೆಂಚಮ್ಮ.

ಲತಾಮಣಿ ಕುದುರೆಯನ್ನು ಡಬ್ಬಕ್ಕೇ ಹಾಕಿ ಹೊರಗೆ ಬಂದಳು.

ಜೀಪು ಹೊರಟಾಗ ಮುನವ್ವರಾಳನ್ನು ರಾಮನಗರದ ಮನೆಗೆ ಬಿಟ್ಟು ಹೋಗುವ ಯೋಚನೆ ಲತಾಮಣಿಗಿತ್ತು. ಅವಳು ಇಳಿಯಲು ಒಪ್ಪಲಿಲ್ಲ.

"ಅವನ ಮುಖ ನೋಡ್ಬೇಕು ನಾನು. ನನ್ನ ಕೈಯಲ್ಲಿ ಉಂಡೋನು. ನನ್ನ ಮಗಳು ಅಸ್ರಾಗೆ ಅನಂತು ಮಾಮ ಅಂದ್ರೆ ಪ್ರಾಣ. ಮಯ್ಯತ್ತಿನ ದಿನ, ಇವರನ್ನ ಮಣ್ಣಿಗೆ ತಗೊಂಡೋಗೋವಾಗ, ನನಗಿಂತ ಜಾಸ್ತಿ ಅತ್ತಿದ್ದು ಅವನೇ ಮೇಡಂ."

ಅವನು ಲತಾಮಣಿಯ ಮುಂದೆಯೂ ಅತ್ತಿದ್ದ.

ಕೂಟಗಲ್ಲಿನಲ್ಲಿ ಅನಂತರಾಜುವಿನ ತಾಯಿ ಬೈರಮ್ಮ ರೇಷ್ಮೆ ಹುಳದ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಯೊಡನೆ ಹೊರಬಂದವಳು, ಜೀಪು ಕಂಡು ಮುಖವರಳಿಸಿದಳು. ಲತಾಮಣಿಯ ತಾಯಿ ನೂಲಿನ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಇವಳೇ ಲತಾಮಣಿಗೆ ತಲೆ ಬಾಚಿ ಇಸ್ಕೂಲಿಗೆ ಕಳಿಸುತ್ತಿದ್ದಳು.

"ಲತಾ! ಈಗ ನೆಪ್ಪಾಯ್ತಾ ನಿಂಗೆ ನಮ್ಮನೆ? ಬಾ ಮಗಾ. ಇದ್ಯಾರು, ಸಾಬೀರನ ಎಂಡ್ರಲ್ವಾ? ಅಯ್ಯೋ ತಾಯಿ, ಬಾರವ್ವ, ಕೂತ್ಕೊ."

"ಅನಂತು ಐದಾನಾ ಬೈರಕ್ಕ?"

"ಒಳಗವ್ನೆ. ಆವತ್ತಿಂದ ಸರ್ಯಾಗಿ ಅನ್ನ ಮುಟ್ಟಿಲ್ಲ. ನೀನಾರಾ ಒಸಿ ಏಳು."

ಮುನವ್ವರಾ ಜಗಲಿಯ ಮೇಲೆ ಕೂತಳು. ಲತಾಮಣಿ ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿದಳು.

ಅನಂತರಾಜು ಕಂಪ್ಯೂಟರ್ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು. "ಬಾ ಲತಕ್ಕ," ಎಂದು ಎದ್ದ.

"ಕೂತ್ಕೊ. ಒಂದು ಪದ ಟೈಪ್ ಮಾಡು. ಕನ್ನಡದಲ್ಲಿ. ಚನ್ನಪಟ್ಟಣ."

"ಯಾಕಕ್ಕ?"

"ಮಾಡ್ಲಾ."

ಅವನ ಬೆರಳುಗಳು ಕೀಲಿಗಳ ಮೇಲೆ ಆಡಿದವು. ಪರದೆಯ ಮೇಲೆ ಅಕ್ಷರ ಮೂಡಿದವು: ಚೆನ್ನಪಟ್ಟಣ. ಅವನು ಅದನ್ನು ನೋಡಿದ. ಆಮೇಲೆ ಲತಾಮಣಿಯನ್ನು ನೋಡಿದ. ಏನಾಯಿತೆಂದು ಅವನಿಗೆ ಆ ಕ್ಷಣವೇ ತಿಳಿಯಿತು; ಮುಖದ ರಕ್ತ ಇಳಿದುಹೋಯಿತು.

"ಊರಲ್ಲಿ ಅರ್ಧ ಜನ ಇಂಗೇ ಬರೀತಾರೆ," ಎಂದ. "ಒಂದು ಎತ್ವಕ್ಕೆ ನನ್ನ ಗಲ್ಲಿಗಾಕ್ತೀಯಾ?"

"ಎತ್ವಕ್ಕಲ್ಲ." ಅವಳು ಫೋನಿನ ರೆಕಾರ್ಡ್ ಒತ್ತಿ, ಅವನಿಗೆ ಕಾಣುವಂತೆ ಮೇಜಿನ ಮೇಲಿಟ್ಟಳು. "ನೀನು ಆ ದಿನ ಅಲ್ಲಿದ್ದೆ. ಸಾಬೀರ್ ಬಿದ್ದ ಮೇಲೆ ಸರ್ವರ್ ಕೂರಿಸಿ ಮುಗಿಸ್ದೋನು ನೀನು. ಪಾಸ್‌ವರ್ಡ್ ಯಾರು ಕೊಟ್ರು?"

"ಅವನೇ. ಮೊದಲೇ ಕೊಟ್ಟಿದ್ದ."

"ನಿಂಗಾ? ಪಾಲುದಾರ ಅಂತಾನೆ, ಒಂದು ಪಾಸ್‌ವರ್ಡ್ ನಂಬಿ ಕೊಡಲ್ಲ ಅಂತ ನನ್ನ ಮುಂದೇನೇ ಎಷ್ಟು ಸಲ ಗೊಣಗಿಲ್ಲ ನೀನು?"

ಪಕ್ಕದ ಹುಳದ ಮನೆಯಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

"ಹೇಳ್ಲಾ ಅನಂತು. ಯಾವಾಗ ಕೊಟ್ಟ?"

"ಬಿದ್ದ ಮೇಲೆ."

ಅವನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಲತಾಮಣಿಗೆ ಮೊದಲು ಕೇಳಿಸಲಿಲ್ಲ. ಕೇಳಿಸಿದ ಮೇಲೆ ನಂಬಲಾಗಲಿಲ್ಲ.

"ಜೀವ ಇತ್ತಾ?"

"ಇತ್ತು. ಗ್ವಾಡೆಗೆ ಒರಗಿದ್ದ. ಕೈ ಕಪ್ಪಗಾಗಿತ್ತು. ನೀರು ಅಂದ. ನಾನು... ಮೊದಲು ಮಿಷನ್ ಆಫ್ ಮಾಡ್ಬೇಕು ಕಣ್ಲಾ, ಪಾಸ್‌ವರ್ಡ್ ಹೇಳು, ಆಮೇಲೆ ಆಸ್ಪತ್ರೆಗೆ ಎತ್ಕೊಂಡು ಹೋಯ್ತೀನಿ ಅಂದೆ. ನಂಬ್ದ ಲತಕ್ಕ. ಒಂದೊಂದೇ ಅಕ್ಷರ ಹೇಳ್ದ. ಅಷ್ಟು ವರ್ಷ ನಂಬ್ದಿದ್ದೋನು ಅವತ್ತು ನಂಬ್ಬುಟ್ಟ."

ಲತಾಮಣಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅವನ ಎರಡನೇ ಕ್ಲಾಸಿನ ಮುಖ ನೆನಪಾಗಿ ಕೈ ಏಳಲಿಲ್ಲ.

"ಆಮೇಲೆ?"

"ಆಮೇಲೆ ಕೂತು ಕೆಲಸ ಮಾಡ್ದೆ. ನೆಟ್ ಸ್ಲೋ ಇತ್ತು. ಪರದೆ ಮೇಲೆ ಸಾಲು ಓಡ್ತಿತ್ತು, ನಿಂತ್ಕೋತಿತ್ತು, ತಿರುಗ ಓಡ್ತಿತ್ತು. ಮೊದಮೊದಲು ಹಿಂದಿಂದ ಅವನ ಉಸಿರು ಕೇಳೋದು. ಊರು ಯಾವುದು ಅಂತ ಕೇಳೋ ಪುಟ ಬಂತಲ್ಲ, ಆವಾಗ... ಕೇಳ್ತಿರ್ಲಿಲ್ಲ."

"ಒಂದು ಫೋನ್ ಮಾಡೋಕೆ ಏನಾಗಿತ್ತೋ ನಿಂಗೆ? ಒಂದು ಫೋನು!"

"ಮಾಡಕ್ಕೋದೆ. ಕೈ ಹಿಡ್ಕೊಂಡ್ರು."

"ಯಾರು?"

ಅವನು ಬಾಗಿಲ ಕಡೆ ನೋಡಿದ. ಒಣಗಿದ ತುಟಿ ಸವರಿಕೊಂಡ.

"ಸನಾವುಲ್ಲಾ ಸಾಹೇಬ್ರು. ಸಾಬೀರಂಗೆ ಕರೆಂಟ್ ಹೊಡೆದೈತೆ, ಬಿರ್ನೆ ಬಾ ಅಂತ ಕರೆಸಿದ್ದೂ ಅವರೇ. ಮೊದಲು ಕೆಲಸ ಮುಗಿಸು, ಹಳೇ ಲೆಕ್ಕದಿಂದ ಒಂದಕ್ಷರನೂ ತರಬ್ಯಾಡ, ಎಲ್ಲಾ ಅಳಿಸಿ ಹೊಸದಾಗಿ ಹಾಕು, ಆಮೇಲೆ ಆಂಬುಲೆನ್ಸ್ ಅಂದ್ರು."

"ಹಳೇದ್ರಲ್ಲಿ ಏನಿತ್ತು?"

"ನೀನು ನೋಡ್ಲಿಲ್ವಾ, ಲೇತ್ ತಿರುಗಿ ಎಷ್ಟು ಕಾಲ ಆಯ್ತು? ಬೊಂಬೆ ಲಾರೀಲಿ ಎಲ್ಲಿಂದ್ಲೋ ಬತ್ತದೆ. ಡಬ್ಬದ ಮೇಲೆ ಮಾತ್ರ ಕೆಂಚಮ್ಮನ ಹೆಸರು. ಪಾಪ, ಅವಳು ಕೆಲಸ ಇಲ್ಲದೆ ಮನೇಲವಳೆ. ಸಾಬೀರಂಗೆ ಗೊತ್ತಾಯ್ತು. ಲೆಕ್ಕ ಎಲ್ಲಾನೂ ಹೊಸದಕ್ಕೆ ಹಾಕೇ ಹಾಕ್ತೀನಿ, ಯಾವ ಬೊಂಬೆ ಯಾರ ಕೈದು ಅಂತ ಎಲ್ಲರಿಗೂ ಕಾಣ್ಲಿ ಅಂದ. ಮಾವ ಅಂತಾನೂ ನೋಡ್ಲಿಲ್ಲ."

"ನಿಂಗೇನು ಸಿಕ್ತು ಇದ್ರಲ್ಲಿ?"

"ಊರಿನ ಬೊಂಬೆ ಕಾರ್ಖಾನೆ ಕೆಲಸ ಎಲ್ಲಾ ಇನ್ಮೇಲೆ ನಿಂದೇ ಅಂದ್ರು." ಅನಂತರಾಜು ನಕ್ಕ. ಕಾಯಿಲೆಯವನ ನಗೆ ಅದು. "ಎಲ್ಲೋದ್ರೂ ಸಾಬೀರ್ ಭಾಯ್, ಸಾಬೀರ್ ಭಾಯ್. ನಾನು ಅವನ ಹಿಂದೆ ಚೀಲ ಹೊರೋನು. ಒಂದು ದಿನ ನನ್ನ ಹೆಸರು ಕರೀಲಿ ಅನ್ನಿಸ್ತು ಕಣಕ್ಕ. ಅಷ್ಟೇಯ."

ಅಷ್ಟೇ. ಅಷ್ಟಕ್ಕೆ ಒಂದು ಉಸಿರು.

"ಸಾಹೇಬ್ರು ಆ ದಿನ ಮರ ನೋಡೋಕೆ ಮಾಗಡಿಗೆ ಹೋಗಿದ್ದೆ ಅಂತ ಹೇಳಿಕೆ ಕೊಟ್ಟವ್ರೆ."

"ಸುಳ್ಳು. ಬಾಗಿಲಲ್ಲೇ ನಿಂತಿದ್ರು. ಅಳಿಯನ ಮುಖ ಕಾಣ್ದಂಗೆ ಬೆನ್ನು ತಿರುಗಿಸ್ಕೊಂಡು."

ಬಾಗಿಲು ಸರಿಯಿತು.

ಮುನವ್ವರಾ ನಿಂತಿದ್ದಳು. ಅವಳ ಹಿಂದೆ ಬೈರಮ್ಮ, ಕೈಯಲ್ಲಿ ನೀರಿನ ಚೊಂಬು. ಇಬ್ಬರೂ ಎಷ್ಟು ಹೊತ್ತಿನಿಂದ ಅಲ್ಲಿದ್ದರೋ! ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮುನವ್ವರಾ ಬೀಳುತ್ತಾಳೆಂದು ಲತಾಮಣಿ ಎದ್ದು ಕೈ ಚಾಚಿದಳು. ಅವಳು ಬೀಳಲಿಲ್ಲ. ನಡೆದು ಬಂದು ಅನಂತರಾಜುವಿನ ಎದುರು ನಿಂತಳು.

"ನೀರು ಕೇಳಿದ್ರಲ್ಲ," ಎಂದಳು. "ಕೊಟ್ಯಾ?"

ಅನಂತರಾಜು ತಲೆ ಎತ್ತಲಿಲ್ಲ. ಬೈರಮ್ಮನ ಕೈಯ ಚೊಂಬಿನಿಂದ ನೀರು ತುಳುಕಿ ನೆಲಕ್ಕೆ ಬಿತ್ತು.

"ಮುನವ್ವರಾ, ನೀನು ಹೊರಗಿರು," ಎಂದಳು ಲತಾಮಣಿ. "ನಾನು ಈಗಲೇ ಚನ್ನಪಟ್ಟಣಕ್ಕೆ ಹೋಗ್ತೀನಿ. ನಿಮ್ಮ ಅಬ್ಬಾನ..."

"ಅದು ಇನ್ನೂ ರೆಕಾರ್ಡ್ ಆಗ್ತೈತಾ ಮೇಡಂ?"

ಮೇಜಿನ ಮೇಲೆ ಫೋನಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಲತಾಮಣಿ ಹೌದೆಂದು ತಲೆಯಾಡಿಸಿದಳು.

ಮುನವ್ವರಾ ಫೋನಿನ ಕಡೆ ಬಗ್ಗಿದಳು. ಮಗುವಿಗೆ ಪಾಠ ಹೇಳಿಕೊಡುವವಳ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಸಾಬೀರ್ ಸತ್ತ ದಿನ ನಮ್ಮ ಅಬ್ಬಾ ಮಾಗಡೀಲಿದ್ರು. ನಾನೂ ಜೊತೆಗಿದ್ದೆ. ಬಸ್ಸಲ್ಲಿ ಹೋದ್ವಿ, ಬಸ್ಸಲ್ಲಿ ಬಂದ್ವಿ."

ಅನಂತರಾಜು ಥಟ್ಟನೆ ತಲೆ ಎತ್ತಿದ.

"ಏನ್ ಮಾತಾಡ್ತಿದ್ದೀಯ ನೀನು?" ಲತಾಮಣಿಯ ದನಿ ಅವಳಿಗೇ ಅಪರಿಚಿತವಾಗಿತ್ತು. "ಆ ದಿನ ನೀನು ರಾಮನಗರದ ಮನೇಲಿದ್ದೆ. ಮಗೂಗೆ ಜ್ವರ ಅಂತ. ದೂರಿನಲ್ಲಿ ನೀನೇ ಬರೆದಿದ್ದೀಯ."

"ತಪ್ಪು ಬರ್ದಿದ್ದೆ. ದುಃಖದಲ್ಲಿದ್ದೆ."

"ಮುನವ್ವರಾ! ನಿನ್ನ ಗಂಡ ಕಣೇ!"

"ಗಂಡ ಹೋಗ್ಬಿಟ್ರು ಮೇಡಂ." ಮೊದಲ ಬಾರಿಗೆ ಅವಳ ದನಿ ಒಡೆಯಿತು. "ಇನ್ನು ಉಳಿದಿರೋದು ಅಸ್ರಾಗೆ ಆ ಅಜ್ಜ ಒಬ್ಬರೇ. ರಾತ್ರಿ ಅವರ ತೊಡೆ ಮೇಲೇ ಮಲಗೋದು ಅವಳು. ನಿನ್ನ ಅಬ್ಬೂನ ಸಾಯೋಕೆ ಬಿಟ್ಟಿದ್ದು ಈ ತೊಡೇನೇ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಇವನು ಒಪ್ಕೊಂಡವ್ನೆ. ಇವನ್ನ ಕರ್ಕೊಂಡ್ ಹೋಗಿ. ಅಷ್ಟು ಸಾಕು ನಂಗೆ."

ಬೈರಮ್ಮ ಅವಳ ತೋಳು ಹಿಡಿದಳು. "ತಾಯಿ, ನಿಮ್ಮಪ್ಪನ್ನ ಉಳಿಸ್ಕಳಕ್ಕೆ ನನ್ನ ಮಗನ ಒಬ್ಬನ್ನೇ ತಳ್ತೀಯಾ? ತಪ್ಪು ಮಾಡವ್ನೆ, ಇಲ್ಲ ಅನ್ನಕಿಲ್ಲ. ಜೈಲಿಗೋಗ್ಲಿ. ಮಾಡ್ಸಿದ್ದೋರು?"

ಮುನವ್ವರಾ ತೋಳು ಬಿಡಿಸಿಕೊಳ್ಳಲಿಲ್ಲ. ಲತಾಮಣಿಯನ್ನು ನೋಡಿದಳು.

"ಆ ಫೋನಲ್ಲಿ ಮೊದಲು ಮಾತಾಡಿರೋನು ತನ್ನ ತಪ್ಪು ತಾನೇ ಒಪ್ಪಿರೋ ಸುಳ್ಳುಗಾರ. ಆಮೇಲೆ ಮಾತಾಡಿರೋಳು ಸತ್ತವನ ಹೆಂಡ್ತಿ. ಕೋರ್ಟಿನೋರು ಯಾರ ಮಾತು ನಂಬ್ತಾರೆ ಮೇಡಂ?"

ಲತಾಮಣಿಗೆ ಉತ್ತರ ಗೊತ್ತಿತ್ತು. ಒಂದು ತಿಂಗಳು ಠಾಣೆಯ ಬಾಗಿಲು ಕಾದವಳೇ ಈಗ ಅದನ್ನು ಹೊರಗಿನಿಂದ ಎಳೆದು ಮುಚ್ಚುತ್ತಿದ್ದಳು.

ಅನಂತರಾಜು ಕುರ್ಚಿಯಿಂದ ಎದ್ದ. ಇಲ್ಲಿಯವರೆಗೆ ಕುಗ್ಗಿದ್ದವನು ಈಗ ನೆಟ್ಟಗೆ ನಿಂತಿದ್ದ.

"ಆಯ್ತು," ಎಂದ. "ನನ್ನ ಒಬ್ಬನ ಮೇಲೇ ಹಾಕದಾದ್ರೆ ಪೂರ್ತಿ ಹೇಳೇಬುಡ್ತೀನಿ. ಸಾಬೀರಂಗೆ ಕರೆಂಟ್ ಹೊಡೆದೈತೆ ಬಾ ಅಂತ ಸಾಹೇಬ್ರ ಫೋನ್ ಬಂತು ಅಂದ್ನಲ್ಲ?"

ಅವನೂ ಮುನವ್ವರಾಳ ಹಾಗೆಯೇ ಆ ಕೆಂಪು ಚುಕ್ಕೆಯ ಕಡೆ ಬಗ್ಗಿದ.

"ರಾಮನಗರದಿಂದ ಗಾಡಿ ಹಾಕ್ಕೊಂಡು, ಎದೆ ಹೊಡ್ಕೊಂಡು ಓಡ್ಬಂದೆ. ನಾನು ಒಳಗೆ ಹೋದಾಗ ಸಾಬೀರ ಕುರ್ಚಿ ಮೇಲೆ ಕೂತು ಟೈಪ್ ಮಾಡ್ತಿದ್ದ. ನನ್ನ ನೋಡಿ ನಕ್ಕ. ಏನ್ಲಾ ಅನಂತು, ಇಷ್ಟು ಬೆವರಿದ್ದೀಯ, ಏನಾಯ್ತು ಅಂತ ಕೇಳ್ದ."